ಷರ್ಟುಗಳ ನಡುವೆ ಸಿಕ್ಕ ಹಾಡು

'ಐ ಲೆಫ್ಟ್ ಮೈ ಹಾರ್ಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' ಅಂದರೆ ಅಮೆರಿಕದ ಗಾಯಕ ಟೋನಿ ಬೆನೆಟ್. ಅದನ್ನು ಅವರ ಕೈಗಿಟ್ಟ ಪಿಯಾನೊ ವಾದಕ ಯಾರು? ರಾಲ್ಫ್ ಶರೋನ್. ನಮ್ಮ ಕಛೇರಿಗಳಲ್ಲೂ ಅಷ್ಟೇ ಅಲ್ವಾ, ಪಕ್ಕವಾದ್ಯದವರ ಹೆಸರು ಎಷ್ಟು ಜನರಿಗೆ ನೆನಪಿರುತ್ತದೆ?

ಶರೋನ್ ಹುಟ್ಟಿದ್ದು 1923ರಲ್ಲಿ, ಲಂಡನ್ನಿನಲ್ಲಿ. ಅಲ್ಲಿ ಟೆಡ್ ಹೀತ್ ಬ್ಯಾಂಡಿನಲ್ಲಿ ನುಡಿಸಿ, 1953ರಲ್ಲಿ ಅಮೆರಿಕ ಸೇರಿದರು. ಮುಂದೆ ಬೆನೆಟ್ ಜೊತೆ ನುಡಿಸತೊಡಗಿದರು. ಆಗ ಬೆನೆಟ್ ಹಾಡುತ್ತಿದ್ದದ್ದು ಸಿಹಿ ಜಾಸ್ತಿಯಾದ ಪ್ರೇಮಗೀತೆಗಳನ್ನು. ಹೀಗೇ ಹಾಡುತ್ತಿದ್ದರೆ ಹೆಚ್ಚು ದಿನ ಬಾಳಿಕೆ ಬರುವುದಿಲ್ಲ, ಜಾಜ್ ಕಡೆ ಬನ್ನಿ ಎಂದು ಶರೋನ್ ಎಚ್ಚರಿಸಿದರು. ಬರೀ ಮಾತಲ್ಲ. 1957ರ 'ದಿ ಬೀಟ್ ಆಫ್ ಮೈ ಹಾರ್ಟ್' ಆಲ್ಬಮ್ಮಿನಲ್ಲಿ ಆರ್ಟ್ ಬ್ಲೇಕಿ, ಜೋ ಜೋನ್ಸ್, ಚಿಕೊ ಹ್ಯಾಮಿಲ್ಟನ್‌ರಂಥವರ ಡ್ರಮ್ಮುಗಳನ್ನೇ ಮುಂದೆ ತಂದು ಹಾಡುಗಳನ್ನು ಹೊಂದಿಸಿದರು. ನನ್ನ ಲೆಕ್ಕದಲ್ಲಿ ಬೆನೆಟ್ ಜಾಜ್ ಗಾಯಕರಾದದ್ದು ಅಲ್ಲಿಂದಲೇ.

ಹೀಗೆ ಹಾಡು ಹೊಂದಿಸುವ ಅರೇಂಜರ್ ಕೆಲಸ ಕೇಳುಗರಿಗೆ ಕಾಣುವುದೇ ಇಲ್ಲ. ಯಾವ ಶ್ರುತಿ, ಎಷ್ಟು ವೇಗ, ಯಾವ ವಾದ್ಯ ಎಲ್ಲಿ ಸೇರಬೇಕು, ಎಲ್ಲಿ ಸುಮ್ಮನಿರಬೇಕು, ಇವೆಲ್ಲ ಹಾಡು ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತವೆ. ವೇದಿಕೆಗೆ ಬಂದ ಮೇಲೆ ಪಿಯಾನೊದ ಪಾಲಿಗೆ ಉಳಿಯುವುದು ಗಾಯಕ ಉಸಿರು ತೆಗೆದುಕೊಳ್ಳುವ ಸಣ್ಣ ಸಂದು. ಅಲ್ಲಿ ಎರಡು ಸ್ವರ ಹೆಚ್ಚಾದರೂ ಹಾಡಿಗೆ ಅಡ್ಡ ಬಂದಂತೆ.

ಇನ್ನು ಆ ಪ್ರಸಿದ್ಧ ಹಾಡು. ಬರೆದವರು ಜಾರ್ಜ್ ಕೋರಿ ಮತ್ತು ಡಗ್ಲಸ್ ಕ್ರಾಸ್. ಅವರು ಕೊಟ್ಟ ಹಾಳೆಗಳನ್ನು ಶರೋನ್ ಷರ್ಟುಗಳ ಡ್ರಾಯರಿನಲ್ಲಿ ಹಾಕಿ ಮರೆತೇಬಿಟ್ಟಿದ್ದರು. 1961ರಲ್ಲಿ ಪ್ರವಾಸಕ್ಕೆ ಬಟ್ಟೆ ಜೋಡಿಸುವಾಗ ಅವು ಕೈಗೆ ಸಿಕ್ಕವು. ಮುಂದೆ ಹೋಗಬೇಕಿದ್ದ ಊರು ಸ್ಯಾನ್ ಫ್ರಾನ್ಸಿಸ್ಕೊ! ಅದಕ್ಕೂ ಮೊದಲು, ಆರ್ಕನ್ಸಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಶರೋನ್, ಬೆನೆಟ್ ಇಬ್ಬರೂ ಅದನ್ನು ನುಡಿಸಿ, ಹಾಡಿ ನೋಡಿದರು. ರೆಕಾರ್ಡ್ ಬಂದರೆ ನಾನು ಕೊಳ್ಳುತ್ತೇನೆ ಎಂದನಂತೆ ಅಲ್ಲಿನ ಬಾರ್‌ನವನು. ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೇರ್‌ಮಾಂಟ್ ಹೋಟೆಲಿನಲ್ಲಿ ಹಾಡಿದರು. 1962ರ ಜನವರಿಯಲ್ಲಿ ಧ್ವನಿಮುದ್ರಣ. ಅದೂ ರೆಕಾರ್ಡಿನ ಹಿಂಬದಿಯ ಹಾಡಾಗಿ! ಕಂಪನಿ ನಂಬಿದ್ದು ಇನ್ನೊಂದು ಬದಿಯನ್ನು.

60ರ ದಶಕದ ನಡುವೆ ಇಬ್ಬರೂ ಬೇರೆಯಾದರು. ಮುಂದಿನ ದಶಕ ಬೆನೆಟ್‌ಗೆ ಕಷ್ಟದ್ದು. ಅದು ಮುಗಿಯುವ ಹೊತ್ತಿಗೆ ಶರೋನ್ ಮರಳಿದರು. 1994ರಲ್ಲಿ ಎಂಟಿವಿ 'ಅನ್‌ಪ್ಲಗ್ಡ್'ನಲ್ಲಿ, ರಾಕ್ ಕೇಳುವ ಹುಡುಗರ ಎದುರು ಬೆನೆಟ್ ಹಾಡಿದಾಗ ಹಿಂದೆ ಇದ್ದದ್ದು ಶರೋನ್‌ರ ಮೂರು ಜನರ ತಂಡ, ಅಷ್ಟೇ. ಆ ಕಾರ್ಯಕ್ರಮದ ಆಲ್ಬಮ್ಮಿಗೆ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು.

2002ರಲ್ಲಿ ಶರೋನ್ ಊರೂರು ಸುತ್ತಿದ್ದು ಸಾಕೆಂದರು. ಕೊಲರಾಡೊದ ಬೌಲ್ಡರಿನಲ್ಲಿ ನೆಲೆಸಿದರೂ ಸುಮ್ನೆ ಕೂರಲಿಲ್ಲ, ಸುತ್ತಮುತ್ತ ನುಡಿಸುತ್ತಲೇ ಇದ್ದರು. 2015ರಲ್ಲಿ ತೀರಿಕೊಂಡಾಗ ಅವರಿಗೆ 91.