ನೂರಕ್ಕ ಹನ್ನೊಂದು?

ಬಡ್ತಿಯ ಅರ್ಜಿ ತುಂಬುತ್ತಾ ಕೂತಿದ್ದೆ. ಆಳಂದದಿಂದ ಬಂದಿದ್ದ ತಮ್ಮ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ. ‘ಎಚ್-ಇಂಡೆಕ್ಸ್’ ಎಂಬ ಕಾಲಂನಲ್ಲಿ 11 ಎಂದು ಬರೆದದ್ದು ನೋಡಿ, “ಅಕ್ಕಾ, ನೂರಕ್ಕ ಹನ್ನೊಂದೇನು? ಫೇಲ್ ಆದಿ ಬಿಡು” ಅಂದ. ನಕ್ಕೆ. ಆದರೆ ಹೇಳಲು ಹೊರಟಾಗ ತಡವರಿಸಿದೆ. ಇಷ್ಟು ವರ್ಷ ಕಲಬುರಗಿಯ ಮಣ್ಣಿನ ಜೊತೆ ಕೆಲಸ ಮಾಡಿದರೂ ಈ ಅಂಕಿಯನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಮೊದಲು ಸೈಟೇಶನ್. ನನ್ನ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಹೊಗಳಿದರೂ ಒಂದು, ತಪ್ಪು ಹಿಡಿದರೂ ಒಂದು. ನನ್ನ ಹಳೆಯದನ್ನು ನಾನೇ ಹೆಸರಿಸಿಕೊಂಡರೂ ಪ್ರಬಂಧ ಹುಡುಕುವ ತಾಣ ಗೂಗಲ್ ಸ್ಕಾಲರ್ ಲೆಕ್ಕಕ್ಕೆ ಹಿಡಿಯುತ್ತದೆ.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಹಿರ್ಶ್ ಎಂಬ ಭೌತವಿಜ್ಞಾನಿಯಿಂದ. ಒಬ್ಬರ ಆರು ಪ್ರಬಂಧಗಳಿಗೆ 40, 12, 6, 4, 3, 1 ಸೈಟೇಶನ್ ಇವೆ ಅನ್ನಿ. ಕನಿಷ್ಠ 4 ಸಲ ಹೆಸರಿಸಲಾದವು ನಾಲ್ಕು ಇವೆ. ಕನಿಷ್ಠ 5 ಸಲದವು ಐದು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ನನ್ನ 11 ಅಂದರೆ, ಕನಿಷ್ಠ 11 ಸಲ ಹೆಸರಿಸಲಾದ ಪ್ರಬಂಧಗಳು ಹನ್ನೊಂದು ಇವೆ ಅಂತ. ಆ 40ರ ಜಾಗದಲ್ಲಿ 900 ಇದ್ದರೂ 4 ನಾಲ್ಕೇ! ಇನ್ನೊಂದು ವಿಷಯ, ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತಿಯಾದ ಮೇಲೂ ಏರಬಹುದು. ಮೂವತ್ತರ ಹುಡುಗಿಯನ್ನೂ ಐವತ್ತೆಂಟರ ಪ್ರೊಫೆಸರನ್ನೂ ಇದೇ ತಕ್ಕಡಿಗೆ ಹಾಕಿದರೆ ಯಾರ ಕಡೆ ತೂಗುತ್ತದೆ ಅಂತ ನೋಡುವ ಮೊದಲೇ ಗೊತ್ತು, ಅಲ್ವಾ?

ನಮ್ಮ ಮಣ್ಣು ವಿಜ್ಞಾನದಲ್ಲಿ ಜಾಸ್ತಿ ಸೈಟೇಶನ್ ಯಾವುದಕ್ಕೆ ಬರುತ್ತದೆ ಎಂದು ನೋಡಿದರೆ ಮಜಾ ಇದೆ. ಲ್ಯಾಬಿನಲ್ಲಿ ಮಣ್ಣಿನ ಸಾವಯವ ಇಂಗಾಲ ಅಳೆಯಲು ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಹಾಕುತ್ತೇವೆ. ಅದು 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಬರೆದ ವಿಧಾನ. ಸುಣ್ಣದ ಮಣ್ಣಿಗೆ ಹೊಂದುವ ರಂಜಕದ ಪರೀಕ್ಷೆ 1954ರ ಓಲ್ಸನ್ ಅವರದು. ಸತು (ಜಿಂಕ್), ಕಬ್ಬಿಣ ಅಳೆಯುವ, ಡಿಟಿಪಿಎ ಎಂಬ ರಾಸಾಯನಿಕದ ಪರೀಕ್ಷೆ 1978ರ ಲಿಂಡ್ಸೆ ಮತ್ತು ನಾರ್ವೆಲ್ ಅವರದು. ಸಾರಜನಕಕ್ಕೆ 1956ರ ಸುಬ್ಬಯ್ಯ ಮತ್ತು ಅಸಿಜಾ, ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯ ಎರಡೇ ಎರಡು ಪುಟ. ಈ ದೇಶದ ಮಣ್ಣಿನ ಥೀಸಿಸ್‌ಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಓದಿ ಬರೆದವರು ಎಷ್ಟು ಮಂದಿಯೋ! ನಾನೇ ಆ ಎರಡು ಪುಟ ತೆರೆದದ್ದು ಪಿಎಚ್‌ಡಿ ಮುಗಿದ ಮೇಲೆ. ಗೈಡ್ ಬರೆ ಅಂದರು, ಬರೆದೆ.

ವಿಧಾನ ಕೊಟ್ಟವರನ್ನು ಎಲ್ಲ ಊರಿನವರೂ ಹೆಸರಿಸಲೇಬೇಕು. ಚಿತ್ತಾಪುರ, ಸೇಡಂ ಕಡೆಯ ಸುಣ್ಣದ ಹರಳಿನ ಎರೆ ಮಣ್ಣಿನಲ್ಲಿ ತೊಗರಿಗೆ ಸತು ಸಿಗದೇ ಹೋಗುವುದನ್ನು ಬರೆದರೆ ಯಾರು ಹೆಸರಿಸಬೇಕು? ಅಂಥದೇ ಮಣ್ಣಿನಲ್ಲಿ ಕೆಲಸ ಮಾಡುವ ನಾಲ್ಕಾರು ಮಂದಿ. ಒಂದು ಪತ್ರಿಕೆಯಂತೂ ನನ್ನ ಪ್ರಬಂಧವನ್ನು ‘ಸ್ಥಳೀಯ ಆಸಕ್ತಿಯದು’ ಎಂದು ಒಂದೇ ಸಾಲಿನಲ್ಲಿ ವಾಪಸ್ ಕಳಿಸಿತು. ಮಣ್ಣು ಸ್ಥಳೀಯವಲ್ಲದೆ ಮತ್ತೇನು?

ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಗಳಿಗೆ ಕೊಡುವ ಅಂಕಿ, ಅದರ ಲೆಕ್ಕವಂತೂ ನಮಗೆ ಒಗ್ಗುವುದೇ ಇಲ್ಲ. ಅದು ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಈ ವರ್ಷ ಬಂದ ಸೈಟೇಶನ್ನುಗಳನ್ನು ಮಾತ್ರ ನೋಡುತ್ತದೆ. ತೊಗರಿಯ ಲೆಕ್ಕ ಬೇರೆ. ಜೂನ್, ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ವರ್ಷಕ್ಕೆ ಒಂದೇ ಬೆಳೆ. ನನ್ನ ಪ್ರಬಂಧ 2020ರ ಕೊನೆಗೆ ಬಂತು ಅನ್ನಿ. ಅದನ್ನು ಓದಿದವರು 2021ರ ಮುಂಗಾರಿಗೆ ಪ್ರಯೋಗ ಹಾಕಿ, ಎರಡು ಹಂಗಾಮು ನೋಡಿ ಬರೆಯುವಷ್ಟರಲ್ಲಿ 2023. ನನ್ನ ಪ್ರಬಂಧ ಎಣಿಕೆಗೆ ಬರುತ್ತಿದ್ದುದು 2021 ಮತ್ತು 2022ರಲ್ಲಿ ಮಾತ್ರ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಗೋಧಿ ಪ್ರಯೋಗಕ್ಕೆ ಎರಡು ವರ್ಷ ಅಂದರೆ ಕಣ್ಣು ಮಿಟುಕಿಸಿದಷ್ಟು.

ಹಾಗಂತ ಸೈಟೇಶನ್ ಸುಮ್ನೆ ಅನ್ನುವವಳಲ್ಲ ನಾನು. 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದ ರತನ್ ಲಾಲ್ ಮಣ್ಣಿನ ಇಂಗಾಲದ ಬಗ್ಗೆ ಬರೆದದ್ದನ್ನು ಜಗತ್ತಿನ ಎಲ್ಲ ಕಡೆ ಉಲ್ಲೇಖಿಸುತ್ತಾರೆ, ಅದಕ್ಕೆ ಅರ್ಥವಿದೆ. ಬರೆದದ್ದನ್ನೇ ಮೂರು ತುಂಡು ಮಾಡಿ ಮೂರು ಪತ್ರಿಕೆಗೆ ಕಳಿಸುವುದಕ್ಕೆ ಅರ್ಥವಿಲ್ಲ. ಒಮ್ಮೆ ನಾನೂ ಮಾಡಿದ್ದೇನೆ, ಈಗ ಆ ಮೂರನ್ನೂ ಯಾರಿಗೂ ತೋರಿಸುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಗೂಗಲ್ ಸ್ಕಾಲರ್‌ನಲ್ಲಿ ಸೈಟೇಶನ್ ಅಂಕಿ ನೋಡಬೇಡಿ, ಅದನ್ನು ಒತ್ತಿ. ಯಾರು ಹೆಸರಿಸಿದ್ದಾರೆ ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ನಿಮ್ಮ ಫಲಿತಾಂಶವನ್ನು ತಮ್ಮ ಹೊಲದಲ್ಲಿ ಹಾಕಿ ನೋಡಿದವರು ಎಷ್ಟು, ಮುನ್ನುಡಿಯ ಸಾಲಿಗೆ ಸೇರಿಸಿಕೊಂಡವರು ಎಷ್ಟು, ಎಣಿಸಿ.

ತಮ್ಮ ಎಲ್ಲ ಕೇಳಿಸಿಕೊಂಡ. “ಗಂಜ್ ಬಜಾರದಾಗಿನ ಗೊಬ್ಬರದ ಅಂಗಡ್ಯಾಗ ನಿನ್ನ ಜಿಂಕಿನ ಕರಪತ್ರ ಅಂಟಿಸ್ಯಾರಲ್ಲ, ಅದು ಎಷ್ಟನೇ ಕಾಲಂ?” ಅಂದ. ಅರ್ಜಿ ತಿರುಗಿಸಿ ನೋಡಿದೆ. ಕೊನೆಯ ಪುಟದಲ್ಲಿ ‘ಇತರೆ’ ಅಂತ ಇತ್ತು. ಎರಡು ಗೆರೆಯ ಜಾಗ. ಅಲ್ಲಿ ಬರೆದೆ.