ಟರ್ಮ್ ಅನ್ನುವುದು ಸ್ವಿಚ್ ಅಲ್ಲ

ಲ್ಯಾಪ್‌ಟಾಪಿನಲ್ಲಿ ವಿಮ್ ಎಡಿಟರ್ ಲಕ್ಷಣವಾಗಿ ಕಾಣುತ್ತದೆ. ಎಸ್‌ಎಸ್‌ಎಚ್ ಮಾಡಿ (ದೂರದ ಯಂತ್ರಕ್ಕೆ ಲಾಗಿನ್ ಆಗಿ) ಸರ್ವರಿನಲ್ಲಿ ಅದೇ ಫೈಲ್ ತೆರೆದರೆ ಬಣ್ಣವೆಲ್ಲ ಕೆಟ್ಟಿರುತ್ತದೆ. ಆಗ ಹತ್ತರಲ್ಲಿ ಒಂಬತ್ತು ಜನ ಮಾಡುವುದು ಒಂದೇ ಕೆಲಸ: ಸರ್ವರಿನ ಬ್ಯಾಷ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓಡುವ ಫೈಲ್) ಟರ್ಮ್ ವೇರಿಯಬಲ್ಲಿಗೆ ‘ಎಕ್ಸ್‌ಟರ್ಮ್-256ಕಲರ್’ ಎಂದು ಎಕ್ಸ್‌ಪೋರ್ಟ್ ಮಾಡುವ ಸಾಲನ್ನು ಅಂಟಿಸುವುದು. ಬಣ್ಣ ಬಂದೂಬಿಡುತ್ತದೆ, ಅದೇ ತೊಂದರೆ. ಕೆಲವು ದಿನ ಕಳೆದು ಟಿಮಕ್ಸ್ (ಒಂದೇ ಟರ್ಮಿನಲ್ಲಿನಲ್ಲಿ ಹಲವು ವಿಂಡೋ, ಪೇನ್ ನಡೆಸುವ ಪ್ರೋಗ್ರಾಂ) ಒಳಗೆ ಹೋಮ್, ಎಂಡ್ ಕೀಲಿಗಳು ಕೈಕೊಟ್ಟಾಗ ಆ ಸಾಲು ಯಾರಿಗೂ ನೆನಪಿರುವುದಿಲ್ಲ.

ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಟರ್ಮ್ ಅನ್ನುವುದು ಬಣ್ಣ ಹಾಕುವ ಗುಂಡಿಯಲ್ಲ, ಟರ್ಮಿನಲ್ ತನ್ನ ಬಗ್ಗೆ ಹೇಳಿಕೊಳ್ಳುವ ಹೆಸರು. ಲಾಗಿನ್ ಆಗುವಾಗ ಎಸ್‌ಎಸ್‌ಎಚ್ ಆ ಹೆಸರನ್ನು ತಾನಾಗಿಯೇ ಸರ್ವರಿಗೆ ಮುಟ್ಟಿಸುತ್ತದೆ. ಎಡಿಟರ್ ಅದನ್ನು ಹಿಡಿದು ಸರ್ವರಿನ ಟರ್ಮ್‌ಇನ್ಫೋದಲ್ಲಿ (ಟರ್ಮಿನಲ್‌ಗಳ ವಿವರಗಳ ಸಂಗ್ರಹ) ಹುಡುಕಿ, ಎಷ್ಟು ಬಣ್ಣ, ಯಾವ ಕೀಲಿಗೆ ಯಾವ ಸಂಕೇತ ಎಂದು ಓದಿಕೊಳ್ಳುತ್ತದೆ. ಟಿಮಕ್ಸ್ ಸ್ವತಃ ಒಂದು ಟರ್ಮಿನಲ್. ಹೋಮ್ ಕೀಲಿಗೆ ಅದು ಕಳಿಸುವ ಸಂಕೇತ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕಳಿಸುವಂಥದ್ದಲ್ಲ. ಬ್ಯಾಷ್‌ಆರ್‌ಸಿ ಪ್ರತಿ ಪೇನ್‌ನಲ್ಲೂ ಓಡಿ ಟಿಮಕ್ಸ್ ಇಟ್ಟ ಹೆಸರನ್ನು ಅಳಿಸುತ್ತದೆ. ಸುಳ್ಳು ಹೇಳಿಸಿದ್ದು ನೀವು, ಬೈಸಿಕೊಳ್ಳುವುದು ಟಿಮಕ್ಸ್.

ಮೊದಲು ಆ ಸಾಲನ್ನು ಅಳಿಸಿ, ಹೊಸದಾಗಿ ಲಾಗಿನ್ ಆಗಿ, ಟಿಮಕ್ಸ್‌ನ ಹೊರಗೆ ‘ಟಿಪುಟ್ ಕಲರ್ಸ್’ ಓಡಿಸಿ, ಎಷ್ಟು ಬಣ್ಣ ಎಂದು ಅದು ಹೇಳುತ್ತದೆ. 8 ಬಂದರೆ ನಿಮ್ಮ ಕಡೆಯ ಟರ್ಮಿನಲ್ ಬರೀ ‘ಎಕ್ಸ್‌ಟರ್ಮ್’ ಎಂದು ಹೇಳಿಕೊಳ್ಳುತ್ತಿರಬಹುದು. ಪುಟಿ ಎಂಬ ಎಸ್‌ಎಸ್‌ಎಚ್ ಪ್ರೋಗ್ರಾಂನ ಡಿಫಾಲ್ಟ್ ಅದೇ. ಅದರ ಸೆಟ್ಟಿಂಗ್‌ಗಳಲ್ಲಿ ಕನೆಕ್ಷನ್ ಕೆಳಗಿನ ಡೇಟಾ ಪುಟದಲ್ಲಿ ‘ಎಕ್ಸ್‌ಟರ್ಮ್-256ಕಲರ್’ ಎಂದು ಬದಲಿಸಿ. ಟರ್ಮಿನಲ್ ಹೆಸರೇ ಗೊತ್ತಿಲ್ಲ ಎಂದು ಸರ್ವರ್ ತಕರಾರು ತೆಗೆದರೆ (ಕಿಟಿ, ಘೋಸ್ಟಿ ಟರ್ಮಿನಲ್ ಬಳಸುವವರಿಗೆ ಇದು ಮಾಮೂಲು) ನಿಮ್ಮ ಯಂತ್ರದಲ್ಲಿ ‘ಇನ್ಫೋಕಂಪ್’ ಅನ್ನು ಎಕ್ಸ್ ಆಯ್ಕೆಯೊಂದಿಗೆ ಓಡಿಸಿ, ಅದರ ಔಟ್‌ಪುಟ್ಟನ್ನು ಎಸ್‌ಎಸ್‌ಎಚ್ ಮೂಲಕ ಸರ್ವರಿನ ‘ಟಿಕ್ -x -’ಗೆ ಪೈಪ್ ಮಾಡಿ. ಟರ್ಮಿನಲ್ಲಿನ ವಿವರ ಸರ್ವರಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಕೂರುತ್ತದೆ, ರೂಟ್ ಬೇಕಿಲ್ಲ.

ಟಿಮಕ್ಸ್ ಕಾನ್ಫಿಗ್‌ನಲ್ಲಿ ಡಿಫಾಲ್ಟ್-ಟರ್ಮಿನಲ್ ‘ಟಿಮಕ್ಸ್-256ಕಲರ್’ ಇರಲಿ. ಹಳೆಯ ಸರ್ವರಿನ ಟರ್ಮ್‌ಇನ್ಫೋದಲ್ಲಿ ಅದಿಲ್ಲದಿದ್ದರೆ ‘ಸ್ಕ್ರೀನ್-256ಕಲರ್’ ಸಾಕು. ಬದಲಿಸಿದ ಮೇಲೆ ಹೊಸ ವಿಂಡೋ ತೆರೆದು ನೋಡಿ. ತೆರೆದೇ ಇರುವ ಪೇನ್‌ಗೆ ಹೊಸ ಹೆಸರು ಹೋಗುವುದಿಲ್ಲ.

ವಿಮ್‌ನ ಟರ್ಮ್‌ಗುಯಿಕಲರ್ಸ್ ಆಯ್ಕೆ 256ರದ್ದಲ್ಲ, 24 ಬಿಟ್ ಬಣ್ಣದ್ದು. ನಡುವಿನ ಎಲ್ಲ ಪದರಗಳೂ ಅದನ್ನು ಬಲ್ಲವಾಗಿರಬೇಕು. ಟಿಮಕ್ಸ್ 3.2ರಿಂದ ಈಚೆಗೆ ಟರ್ಮಿನಲ್-ಫೀಚರ್ಸ್‌ನಲ್ಲಿ ಹೊರಗಿನ ಟರ್ಮಿನಲ್ಲಿನ ಹೆಸರಿನ ನಂತರ ಆರ್‌ಜಿಬಿ ಸೇರಿಸಬೇಕು. ‘ಕಲರ್‌ಟರ್ಮ್’ ಎಂಬ ಇನ್ನೊಂದು ವೇರಿಯಬಲ್ ನೋಡಿ ತೀರ್ಮಾನಿಸುವ ಪ್ರೋಗ್ರಾಂಗಳೂ ಇವೆ. ಟರ್ಮ್‌ನ ಹಾಗೆ ಅದು ತಾನಾಗಿ ದಾಟುವುದಿಲ್ಲ. ಕ್ಲೈಂಟ್‌ನಲ್ಲಿ ಸೆಂಡ್‌ಎನ್ವ್, ಸರ್ವರ್‌ನಲ್ಲಿ ಆಕ್ಸೆಪ್ಟ್‌ಎನ್ವ್ ಎಂಬ ಎಸ್‌ಎಸ್‌ಎಚ್ ಸೆಟ್ಟಿಂಗ್ ಎರಡೂ ಬೇಕು. ಇಷ್ಟು ತಾಪತ್ರಯ ಬೇಡವೆಂದರೆ ಸರ್ವರಿನಲ್ಲಿ ಟರ್ಮ್‌ಗುಯಿಕಲರ್ಸ್ ಆಯ್ಕೆಯನ್ನು ಆಫ್ ಮಾಡಿಬಿಡಿ. ಕಾನ್ಫಿಗ್ ಫೈಲಿನಲ್ಲಿ ನಾಲ್ಕು ಸಾಲು ತಿದ್ದುವುದಕ್ಕೆ 256 ಬಣ್ಣ ಧಾರಾಳವಾಯಿತು.

ಇನ್ನು, ಹೆಚ್ಚು ಕೇಳಿಬರುವ ದೂರು ಇದಾವುದೂ ಅಲ್ಲ: ಕಪ್ಪು ಪರದೆಯ ಮೇಲೆ ಕಡುನೀಲಿ ಕಾಮೆಂಟು, ಕಣ್ಣು ಕಿರಿದು ಮಾಡಿದರೂ ಓದಲಾಗದು. ಅಲ್ಲಿ ಬಣ್ಣಗಳ ಸಂಖ್ಯೆ ಸರಿಯಾಗಿಯೇ ಇರಬಹುದು. ವಿಮ್ ನಿಮ್ಮ ಪರದೆ ಬಿಳಿ ಎಂದುಕೊಂಡಿದೆ, ಅಷ್ಟೇ. ಹಿನ್ನೆಲೆ ಏನೆಂದು ಅದು ಟರ್ಮಿನಲ್ಲನ್ನು ಕೇಳಿದರೂ ಎಲ್ಲ ಕಡೆ ಉತ್ತರ ಬರುವುದಿಲ್ಲ. ವಿಮ್‌ಆರ್‌ಸಿಯಲ್ಲಿ ಬ್ಯಾಕ್‌ಗ್ರೌಂಡ್ ಡಾರ್ಕ್ ಎಂದು ಒಂದು ಸಾಲು ಸೆಟ್ ಮಾಡಿ. ಬಣ್ಣವೇ ಇಲ್ಲ, ಎಲ್ಲವೂ ಬೂದು ಎನ್ನುವವರು ವಿಮ್‌ನ ವರ್ಷನ್ ವಿವರದಲ್ಲಿ ‘ಸಿಂಟ್ಯಾಕ್ಸ್’ ಮುಂದೆ ಪ್ಲಸ್ ಇದೆಯೋ ಮೈನಸ್ಸೋ ನೋಡಿ. ಡೆಬಿಯನ್‌ನ ವಿಮ್-ಟೈನಿಯಲ್ಲಿ ಇರುವುದು ಮೈನಸ್. ಅದಕ್ಕೆ ಟರ್ಮ್ ಏನು ಕೊಟ್ಟರೂ ಅಷ್ಟೇ, ಪೂರ್ತಿ ವಿಮ್ ಪ್ಯಾಕೇಜನ್ನೇ ಹಾಕಿಕೊಳ್ಳಬೇಕು.