ಎಷ್ಟು ಬಾಗಿದರೆ ಬೀಳುವುದಿಲ್ಲ? ಬೋರ್ಡ್‌ಸ್ಲೈಡಿನ ಭೌತಶಾಸ್ತ್ರ

ಬಾಗಲಕೋಟೆಯ ನವನಗರದ ರಸ್ತೆಗಳು ಅಗಲವಾಗಿವೆ, ನೇರವಾಗಿವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆಮಾರು ಕಳೆದುಕೊಂಡವರಿಗಾಗಿ ನಕ್ಷೆ ಹಾಕಿ ಕಟ್ಟಿದ ಊರಾದ್ದರಿಂದ, ಇಲ್ಲಿನ ಸೆಕ್ಟರುಗಳ ಒಳರಸ್ತೆಗಳಲ್ಲಿ ಬೆಳಗಿನ ಹೊತ್ತು ಮಕ್ಕಳು ನಿಶ್ಚಿಂತೆಯಿಂದ ಆಡಬಹುದು. ಕಳೆದ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ಅಂಥದೊಂದು ರಸ್ತೆಯಲ್ಲಿ ಎರಡು ಮೀಟರ್ ಉದ್ದದ ಚೌಕಾಕಾರದ ಕಬ್ಬಿಣದ ಪೈಪನ್ನು ಇಟ್ಟುಕೊಂಡು, ದಿನವೂ ಎರಡು ತಾಸು ಸ್ಕೇಟ್‌ಬೋರ್ಡಿನ ಮೇಲೆ ಬೋರ್ಡ್‌ಸ್ಲೈಡ್ ಕಲಿಯುತ್ತಿದ್ದಳು. ಪೈಪಿನ ಎರಡೂ ತುದಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಾಲು ಹಚ್ಚಿಸಿದ್ದರಿಂದ ಅದು ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲುತ್ತಿತ್ತು.

ನೋಡದವರಿಗಾಗಿ ಈ ಕಸರತ್ತನ್ನು ವಿವರಿಸುತ್ತೇನೆ. ಸ್ಕೇಟ್‌ಬೋರ್ಡ್ ಎಂದರೆ ಮ್ಯಾಪಲ್ ಮರದ ಏಳು ತೆಳು ಪದರಗಳನ್ನು ಅಂಟಿಸಿ ಮಾಡಿದ, ಸುಮಾರು 80 ಸೆಂಟಿಮೀಟರ್ ಉದ್ದದ, 20 ಸೆಂಟಿಮೀಟರ್ ಅಗಲದ ಹಲಗೆ. ಅದರ ಕೆಳಗೆ ಮುಂದೊಂದು, ಹಿಂದೊಂದು ಲೋಹದ ಅಚ್ಚು ಇರುತ್ತದೆ; ಆಡುವವರು ಅದನ್ನು ಟ್ರಕ್ ಎನ್ನುತ್ತಾರೆ. ಪ್ರತಿ ಟ್ರಕ್ಕಿಗೆ ಎರಡು ಗಾಲಿ. ಬೋರ್ಡ್‌ಸ್ಲೈಡ್ ಮಾಡುವವರು ಪೈಪಿನ ಪಕ್ಕದಲ್ಲಿಯೇ ಉರುಳಿಕೊಂಡು ಬಂದು, ಹಲಗೆಯೊಡನೆ ಮೇಲಕ್ಕೆ ಜಿಗಿದು, ಗಾಳಿಯಲ್ಲಿ ಅದನ್ನು ಕಾಲು ಸುತ್ತು ತಿರುಗಿಸಿ, ಮುಂದಿನ ಟ್ರಕ್ಕನ್ನು ಪೈಪಿನ ಆಚೆಗೆ ದಾಟಿಸಿ, ಹಲಗೆಯ ನಡುಭಾಗವು ಪೈಪಿನ ಮೇಲೆ ಅಡ್ಡವಾಗಿ ಕೂರುವಂತೆ ಇಳಿಯುತ್ತಾರೆ. ಆಗ ಗಾಲಿಗಳಿಗೆ ಕೆಲಸವಿಲ್ಲ. ಹಲಗೆಯ ಹೊಟ್ಟೆ ಕಬ್ಬಿಣಕ್ಕೆ ಉಜ್ಜುತ್ತ ಜಾರುತ್ತದೆ, ಮೇಲೆ ನಿಂತವರ ಎದೆ ಹೋಗುವ ದಿಕ್ಕಿಗೆ ಇರುತ್ತದೆ, ಪೈಪಿನ ತುದಿ ಬಂದಾಗ ಹಲಗೆಯನ್ನು ಮತ್ತೆ ನೇರ ಮಾಡಿಕೊಂಡು ನೆಲಕ್ಕೆ ಇಳಿಯಬೇಕು.

ಮೊದಲ ದಿನಗಳಲ್ಲಿ ಅವಳು ಪ್ರತಿ ಸಲವೂ ಮುಂದಕ್ಕೆ ಮುಗ್ಗರಿಸುತ್ತಿದ್ದಳು. ಹಲಗೆ ಪೈಪನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು, ಮೈ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಯಾರೋ ಹೇಳಿದರೆಂದು ಒಂದು ಬೆಳಿಗ್ಗೆ ಮೇಣದಬತ್ತಿಯನ್ನು ಪೈಪಿಗೆ ಉಜ್ಜಿ ಹತ್ತಿದಳು. ಹಲಗೆ ಬಾಣದಂತೆ ಮುಂದಕ್ಕೆ ಚಿಮ್ಮಿತು, ಅವಳು ಬೆನ್ನಡಿಯಾಗಿ ಬಿದ್ದಳು. ಮೊಣಕೈ ಒರೆಸಿಕೊಳ್ಳುತ್ತ ಬಂದು, "ಮಾಮಾ, ನಿನ್ನೆ ಮುಂದ ಬಿದ್ದೆ, ಇವತ್ತ ಹಿಂದ ಬಿದ್ದೆ. ನಾ ಏನೂ ಬ್ಯಾರೆ ಮಾಡೇ ಇಲ್ಲ" ಎಂದಳು. ನಾಲ್ಕು ದಿನ ನಾನು ಅದೇ ಮಾತನ್ನು ಯೋಚಿಸಿದೆ. ಅವಳು ಬೇರೆ ಏನನ್ನೂ ಮಾಡದೇ ಇದ್ದದ್ದೇ ಬೀಳಲು ಕಾರಣವಾಗಿತ್ತು.

ಇದು ಅರ್ಥವಾಗಬೇಕಾದರೆ ಘರ್ಷಣೆಯ ವಿಷಯಕ್ಕೆ ಹೋಗಬೇಕು. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ ಎರಡು ಮಾತುಗಳನ್ನು ಮಂಡಿಸಿದ: ಉಜ್ಜುವ ಎರಡು ವಸ್ತುಗಳ ನಡುವಿನ ಘರ್ಷಣೆ ಅವುಗಳನ್ನು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ, ತಾಗಿರುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೂ ಸುಮಾರು ಎರಡು ಶತಮಾನ ಮೊದಲೇ ಲಿಯೊನಾರ್ಡೊ ಡಾ ವಿಂಚಿ ಇದನ್ನೇ ಕಂಡುಕೊಂಡು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ವಿದ್ಯುದಾವೇಶಗಳ ನಿಯಮದಿಂದ ನಮಗೆ ಶಾಲೆಯಲ್ಲಿಯೇ ಪರಿಚಿತನಾಗುವ ಕೂಲಂಬ್ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಹಡಗುಕಟ್ಟೆಯ ಹಗ್ಗ, ಮರ, ಕಬ್ಬಿಣಗಳನ್ನಿಟ್ಟುಕೊಂಡು ಪರೀಕ್ಷಿಸಿ, ಜಾರತೊಡಗಿದ ಮೇಲೆ ಘರ್ಷಣೆಯು ವೇಗವನ್ನು ಹೆಚ್ಚು ಅವಲಂಬಿಸುವುದಿಲ್ಲ ಎಂಬುದನ್ನು ಸೇರಿಸಿದ. ಒಂದು ಜೋಡಿ ವಸ್ತುಗಳಿಗೆ ಘರ್ಷಣೆಯು ಭಾರದ ಎಷ್ಟನೆಯ ಪಾಲು ಎಂಬುದನ್ನು ಹೇಳುವ ಸಂಖ್ಯೆಯೇ ಘರ್ಷಣಾಂಕ.

ತಾಗಿರುವ ಜಾಗ ದೊಡ್ಡದಾದರೂ ಘರ್ಷಣೆ ಯಾಕೆ ಹೆಚ್ಚಾಗುವುದಿಲ್ಲ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಬಂದದ್ದು 20ನೆಯ ಶತಮಾನದಲ್ಲಿ. ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಟೇಬರ್ ತೋರಿಸಿದಂತೆ, ಕಣ್ಣಿಗೆ ನುಣುಪಾಗಿ ಕಾಣುವ ಮೇಲ್ಮೈಯೂ ಸೂಕ್ಷ್ಮವಾಗಿ ನೋಡಿದರೆ ಗುಡ್ಡಬೆಟ್ಟಗಳ ಸಾಲು. ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಆ ಶಿಖರಗಳ ತುದಿಯಲ್ಲಿ ಮಾತ್ರ. ಭಾರ ಹೆಚ್ಚಿದಷ್ಟೂ ಶಿಖರಗಳು ಚಪ್ಪಟೆಯಾಗಿ ನಿಜವಾದ ಸಂಪರ್ಕ ಹೆಚ್ಚುತ್ತದೆ, ಅದರೊಂದಿಗೆ ಘರ್ಷಣೆಯೂ ಹೆಚ್ಚುತ್ತದೆ. ಮೇಣದಬತ್ತಿಯ ಪ್ಯಾರಾಫಿನ್ ಮಾಡುವ ಕೆಲಸ ಈ ಶಿಖರಗಳ ನಡುವೆ ನಡೆಯುತ್ತದೆ. ಉದ್ದ ಸರಪಳಿಯಂಥ ಅದರ ಅಣುಗಳು ಒಂದಕ್ಕೊಂದು ಬಲವಾಗಿ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಮರವು ಕಬ್ಬಿಣದಿಂದ ಕಿತ್ತುಕೊಳ್ಳುವ ಬದಲು ಮೇಣದ ಪದರವೇ ಪದರದ ಮೇಲೆ ಸರಿಯುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದರ ಹಿಂದೆಯೂ ಇದೇ ತತ್ವವಿದೆ.

ನಾವಿಬ್ಬರೂ ಸೇರಿ ಘರ್ಷಣಾಂಕವನ್ನು ಅಳೆದೆವು. ಇದಕ್ಕೆ ಪ್ರಯೋಗಾಲಯವೇನೂ ಬೇಕಾಗಿಲ್ಲ. ಪೈಪಿನ ಮೇಲಿನ ಮೇಣವನ್ನು ಸೀಮೆಎಣ್ಣೆಯಿಂದ ಪೂರ್ತಿ ಒರೆಸಿ, ಹಲಗೆಯನ್ನು ಅದರ ಮೇಲೆ ಅಡ್ಡಲಾಗಿ, ತಕ್ಕಡಿಯ ದಂಡಿಗೆಯಂತೆ ಸಮತೂಕವಾಗಿ ಇಟ್ಟು, ಪೈಪಿನ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋದೆವು. ಬೆರಳಿನಿಂದ ಒಮ್ಮೆ ತಟ್ಟಿದಾಗ ಹಲಗೆ ನಿಲ್ಲದೆ, ವೇಗ ಹೆಚ್ಚಿಸಿಕೊಳ್ಳದೆ, ಒಂದೇ ಸಮನೆ ಜಾರುವ ಕೋನವನ್ನು ಹುಡುಕಬೇಕು. ಆ ಕೋನದ ಟ್ಯಾಂಜೆಂಟ್ ಬೆಲೆಯೇ, ಅಂದರೆ ತುದಿ ಏರಿದ ಎತ್ತರವನ್ನು ಪೈಪ್ ನೆಲದ ಮೇಲೆ ಆವರಿಸುವ ಅಡ್ಡ ದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ, ಜಾರುವಾಗಿನ ಘರ್ಷಣಾಂಕ. ಮೇಣವಿಲ್ಲದಾಗ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 70 ಸೆಂಟಿಮೀಟರ್ ಎತ್ತರಕ್ಕೆ ಹೋಗಬೇಕಾಯಿತು. ಅಂದರೆ ಕೋನ 20 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಘರ್ಷಣಾಂಕ 0.37. ಮೇಣ ಹಚ್ಚಿದ ಮೇಲೆ 38 ಸೆಂಟಿಮೀಟರ್ ಸಾಕಾಯಿತು. ಕೋನ 11 ಡಿಗ್ರಿ, ಘರ್ಷಣಾಂಕ 0.19.

ಸೆಕೆಂಡಿಗೆ ಮೂರು ಮೀಟರ್, ಅಂದರೆ ನಿಧಾನವಾಗಿ ಸೈಕಲ್ ತುಳಿಯುವ ವೇಗದಲ್ಲಿ ಪೈಪಿನ ಮೇಲೆ ಇಳಿದವರು ಎಷ್ಟು ದೂರ ಜಾರುತ್ತಾರೆ? ಲೆಕ್ಕ ಹಾಕಿದರೆ ಮೇಣವಿಲ್ಲದ ಪೈಪಿನಲ್ಲಿ ಸುಮಾರು ಒಂದೂಕಾಲು ಮೀಟರಿಗೆ ನಿಂತುಬಿಡುತ್ತಾರೆ; ಎರಡು ಮೀಟರಿನ ಪೈಪ್ ದಾಟುವುದೇ ಇಲ್ಲ. ಮೇಣ ಹಚ್ಚಿದ್ದರಲ್ಲಿ 2.4 ಮೀಟರ್ ಹೋಗಬಲ್ಲರು, ಪೈಪ್ ಮುಗಿದಾಗಲೂ ಕೈಯಲ್ಲಿ ಸ್ವಲ್ಪ ವೇಗ ಉಳಿದಿರುತ್ತದೆ. ಈ ಲೆಕ್ಕದಲ್ಲಿ ಮೈತೂಕ ಎಲ್ಲಿಯೂ ಬರುವುದಿಲ್ಲ. ದಪ್ಪಗಿರುವವರಿಗೆ ಘರ್ಷಣೆ ಹೆಚ್ಚು, ಆದರೆ ಅವರ ಜಡತ್ವವೂ ಅಷ್ಟೇ ಹೆಚ್ಚು. ಒಂದನ್ನೊಂದು ಹೊಡೆದುಹಾಕುವುದರಿಂದ ಒಂದೇ ವೇಗದಲ್ಲಿ ಬಂದ ಪೈಲ್ವಾನನೂ ಪೋರನೂ ಒಂದೇ ದೂರ ಜಾರುತ್ತಾರೆ.

ಇನ್ನು ಬೀಳುವ ಮಾತು. ನಮ್ಮ ಭಾಗದ ಬಸ್ಸಿನಲ್ಲಿ ಹಿಡಿಯಲು ಏನೂ ಸಿಗದೆ, ಚಾಲಕನ ಕಡೆಗೆ ಮುಖ ಮಾಡಿ ನಿಂತವರು ಬ್ರೇಕ್ ಹಾಕಿದಾಗ ತಾವಾಗಿಯೇ ಹಿಂದಕ್ಕೆ ವಾಲುತ್ತಾರೆ. ಹಾಗೆ ವಾಲಿ ನಿಂತಿರುವಾಗ ಚಾಲಕ ಥಟ್ಟನೆ ಬ್ರೇಕ್ ಬಿಟ್ಟರೆ ಹಿಂದಿನವರ ಮೇಲೆ ಬೀಳುತ್ತಾರೆ. ಬೋರ್ಡ್‌ಸ್ಲೈಡಿನಲ್ಲಿ ಬ್ರೇಕ್ ಹಾಕುವುದು ಪೈಪಿನ ಘರ್ಷಣೆ. ಪೈಪ್ ಹಲಗೆಯನ್ನು ಮೇಲಕ್ಕೂ ತಳ್ಳುತ್ತದೆ, ಹಿಂದಕ್ಕೂ ತಳ್ಳುತ್ತದೆ. ಎರಡೂ ಸೇರಿ ಹಿಂದಕ್ಕೆ ಓರೆಯಾದ ಒಂದೇ ಬಲವಾಗುತ್ತದೆ. ಆ ಓರೆ ಗೆರೆ ದೇಹದ ಗುರುತ್ವ ಕೇಂದ್ರದ, ಅಂದರೆ ಹೊಕ್ಕಳಿನ ಆಸುಪಾಸಿನ, ಮೂಲಕ ಹಾದುಹೋದರೆ ದೇಹ ಹಾಗೆಯೇ ನಿಲ್ಲುತ್ತದೆ. ಗೆರೆ ಹೊಕ್ಕಳಿನ ಹಿಂದೆ ಹೋದರೆ ದೇಹ ಮುಂದಕ್ಕೆ ಮಗುಚುತ್ತದೆ, ಮುಂದೆ ಹೋದರೆ ಹಿಂದಕ್ಕೆ. ಈ ಗೆರೆ ಲಂಬದಿಂದ ಎಷ್ಟು ಓರೆ ಎಂದು ಲೆಕ್ಕ ಹಾಕಿದಾಗ ನನಗೆ ರೋಮಾಂಚನವಾಯಿತು: ನಾವು ಪೈಪನ್ನು ಎತ್ತಿ ಅಳೆದ ಕೋನ ಯಾವುದೋ ಅದೇ ಕೋನ! ಮೇಣವಿಲ್ಲದ ಪೈಪಿನ ಮೇಲೆ 20 ಡಿಗ್ರಿ ಹಿಂದಕ್ಕೆ ವಾಲಬೇಕು, ಮೇಣ ಹಚ್ಚಿದ ಪೈಪಿನ ಮೇಲೆ 11 ಡಿಗ್ರಿ. ಅವಳು ಎರಡೂ ದಿನ ಇವುಗಳ ನಡುವಿನ ಯಾವುದೋ ಒಂದೇ ಭಂಗಿಯಲ್ಲಿ ಇಳಿದಿದ್ದಳು. ಒಂದು ದಿನ ಅದು ಕಡಿಮೆಯಾಯಿತು, ಇನ್ನೊಂದು ದಿನ ಹೆಚ್ಚಾಯಿತು.

ಎಷ್ಟು ತಪ್ಪಿದರೆ ನಡೆದೀತು ಎಂಬುದನ್ನು ಹಲಗೆಯ ಅಗಲ ಹೇಳುತ್ತದೆ. ಹಲಗೆ ಪೈಪಿನ ಮೇಲೆ 20 ಸೆಂಟಿಮೀಟರ್ ಉದ್ದಕ್ಕೆ ಕೂತಿರುವುದರಿಂದ, ಆಸರೆಯ ಬಲವು ನಡುವಿನಿಂದ ಮುಂದಕ್ಕೆ ಹತ್ತು, ಹಿಂದಕ್ಕೆ ಹತ್ತು ಸೆಂಟಿಮೀಟರ್ ಸರಿದು ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ನೆಟ್ಟಗೆ ನಿಂತಾಗ ಗುರುತ್ವ ಕೇಂದ್ರ ಹಲಗೆಯಿಂದ ಒಂದು ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಒಣ ಪೈಪಿಗೂ ಮೇಣದ ಪೈಪಿಗೂ ಹೊಕ್ಕಳು ಇರಬೇಕಾದ ಜಾಗದಲ್ಲಿ 18 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ, ಅಂದರೆ ಹೆಚ್ಚುಕಡಿಮೆ ಹಲಗೆಯ ಪೂರ್ತಿ ಅಗಲ. ಮೊಣಕಾಲು ಮಡಿಸಿ ಕುಕ್ಕರಿಸಿದಂತೆ ಕೆಳಗಾಗಿ ಗುರುತ್ವ ಕೇಂದ್ರವನ್ನು 70 ಸೆಂಟಿಮೀಟರಿಗೆ ಇಳಿಸಿದರೆ ವ್ಯತ್ಯಾಸ 13 ಸೆಂಟಿಮೀಟರಿಗೆ ಇಳಿಯುತ್ತದೆ. ಎರಡೂ ಬಗೆಯ ಪೈಪಿಗೆ ಒಂದೇ ಭಂಗಿ ಸಾಕಾಗುವಷ್ಟು ಸಡಿಲು ಸಿಗುತ್ತದೆ. ಮೊಣಕಾಲು ಮಡಿಸು ಎಂದು ಅನುಭವಿಗಳು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ.

ಎಲ್ಲಕ್ಕಿಂತ ಅಪಾಯಕಾರಿ ಪೈಪೆಂದರೆ ಅರ್ಧ ಮೇಣ ಹಚ್ಚಿದ್ದು. ಪೂರ್ತಿ ಒಣಗಿರುವುದಾಗಲಿ ಪೂರ್ತಿ ನುಣುಪಾದದ್ದಾಗಲಿ ಅಭ್ಯಾಸಕ್ಕೆ ಒಗ್ಗುತ್ತದೆ, ಆದರೆ ನಡುವೆ ಬದಲಾಗುವ ಘರ್ಷಣೆಗೆ ದೇಹ ಹೊಂದಿಕೊಳ್ಳುವುದು ಕಷ್ಟ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆ ದಾಟಿದರೆ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತದೆ, ಮೇಣ ಮೆತ್ತಗಾಗಿ ರಸ್ತೆಯ ಧೂಳು ಅದಕ್ಕೆ ಅಂಟಿ ಅಲ್ಲಲ್ಲಿ ಕಪ್ಪು ಪಟ್ಟೆಗಳಾಗುತ್ತವೆ. ಅಂಥ ಪಟ್ಟೆಯ ಮೇಲೆ ಅವಳ ಹಲಗೆ ತಡವರಿಸಿದ್ದನ್ನು ನಾನೇ ನೋಡಿದ್ದೇನೆ. ಆ ಮೇಲೆ ಅಭ್ಯಾಸ ಬೆಳಗಿನ ಆರಕ್ಕೆ ಬಂತು, ಪ್ರತಿ ದಿನ ಪೈಪನ್ನು ಬಟ್ಟೆಯಿಂದ ಒರೆಸಿ ಹೊಸದಾಗಿ ಒಂದೇ ಸಮನೆ ಮೇಣ ಹಚ್ಚುವ ರೂಢಿಯೂ ಬಂತು. ನಮ್ಮ ಊರಿನ ಸಮೀಪದ ತುಳಸಿಗೇರಿಯಲ್ಲಿ ಮಲ್ಲಗಂಬ ಆಡುವ ಮಕ್ಕಳ ಕಸರತ್ತು ನೋಡಿದವರಿಗೆ ಇದು ಹೊಸದಲ್ಲ. ಮಲ್ಲಗಂಬದ ಕಂಬಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ಎಣ್ಣೆಯಿಲ್ಲದಿದ್ದರೆ ಚರ್ಮ ಉಜ್ಜಿ ಕೀಳುತ್ತದೆ, ಹೆಚ್ಚಾದರೆ ತೊಡೆಯ ಹಿಡಿತ ನಿಲ್ಲುವುದಿಲ್ಲ. ಎಷ್ಟು ಹಚ್ಚಬೇಕೆಂಬುದನ್ನು ಅಲ್ಲಿ ಕೈಯೇ ಬಲ್ಲದು.

ಗಾಳಿಯಲ್ಲಿ ಹಲಗೆಯನ್ನು ತಿರುಗಿಸುವ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೈಯಲ್ಲಿ ಹಿಡಿಯದೆ ಹಲಗೆಯೊಡನೆ ಜಿಗಿಯುವ ಆಲಿ ಎಂಬ ಜಿಗಿತವನ್ನು 1970ರ ದಶಕದ ಕೊನೆಯಲ್ಲಿ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಕಂಡುಹಿಡಿದ. ಅವನು ಅದನ್ನು ಮಾಡುತ್ತಿದ್ದುದು ಬಟ್ಟಲಿನಂಥ ಇಳಿಜಾರುಗಳಲ್ಲಿ. ಸಮತಟ್ಟಾದ ನೆಲದ ಮೇಲೆ ಅದನ್ನು ಸಾಧ್ಯವಾಗಿಸಿದವನು 1980ರ ದಶಕದ ಆರಂಭದಲ್ಲಿ ರಾಡ್ನಿ ಮುಲ್ಲೆನ್. ಒಂದು ಗೇಣು ಏರಲು ಸಿಗುವ ಸಮಯ ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ. ಗಾಳಿಯಲ್ಲಿ ಒದೆಯಲು ನೆಲವಿಲ್ಲದ್ದರಿಂದ ಸೊಂಟದ ಕೆಳಗಿನ ಭಾಗ ಒಂದು ಕಡೆ ತಿರುಗಿದರೆ ಭುಜಗಳು ಇನ್ನೊಂದು ಕಡೆ ತಿರುಗಬೇಕು. ಒಟ್ಟು ಕೋನೀಯ ಸಂವೇಗ ಬದಲಾಗುವಂತಿಲ್ಲ. ಜಿಗಿಯುವ ಮೊದಲೇ ಭುಜಗಳನ್ನು ಸ್ವಲ್ಪ ತಿರುಗಿಸಿಟ್ಟುಕೊಂಡರೆ ಈ ಲೆಕ್ಕ ಸುಲಭವಾಗುತ್ತದೆ.

ಪೈಪಿನ ಮೇಲಿರುವ ಸಮಯವೂ ಒಂದು ಸೆಕೆಂಡಿಗಿಂತ ಕಡಿಮೆ. ಕಣ್ಣಿನಿಂದ ಕಂಡದ್ದಕ್ಕೆ ಬೇಕೆಂದು ಪ್ರತಿಕ್ರಿಯಿಸಲು ಸೆಕೆಂಡಿನ ಐದನೆಯ ಒಂದು ಪಾಲು ಹಿಡಿಯುತ್ತದೆ, ಆ ಮೇಲೆ ಸ್ನಾಯುಗಳು ಮೈಯನ್ನು ಸರಿಸಬೇಕು. ಅಷ್ಟರಲ್ಲಿ ಹಲಗೆ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಪೈಪನ್ನು ಮುಟ್ಟಿದ ಮೇಲೆ ವಾಲುವುದರಿಂದ ಪ್ರಯೋಜನವಿಲ್ಲ, ಮುಟ್ಟುವ ಮೊದಲೇ ವಾಲಿರಬೇಕು: ಪಾದಗಳು ಮುಂದೆ, ಸೊಂಟ ಹಿಂದೆ. ಹೀಗೆ ಮುಂಚಿತವಾಗಿ ಊಹಿಸುವ ಕೆಲಸದಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಏನಾಗಬಹುದೆಂದು ಅಂದಾಜಿಸಿ, ನಿಜವಾಗಿ ಏನಾಯಿತೆಂಬುದರೊಂದಿಗೆ ತಾಳೆ ನೋಡಿ, ವ್ಯತ್ಯಾಸವನ್ನು ಮುಂದಿನ ಸಲದ ಅಂದಾಜಿಗೆ ಸೇರಿಸುವುದು ಅದರ ರೀತಿ. ಪ್ರತಿ ಬೀಳುವಿಕೆಯೂ ಅದಕ್ಕೆ ಒಂದು ಅಳತೆ. ಆದರೆ ದಿನಕ್ಕೊಂದು ಬಗೆಯ ಪೈಪ್ ಕೊಟ್ಟರೆ ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಸಮನೆ ಮೇಣ ಹಚ್ಚಿದ ಪೈಪಿನ ಮೇಲೆ ಅವಳ ಕಲಿಕೆ ಥಟ್ಟನೆ ವೇಗ ಹಿಡಿದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. ರಾತ್ರಿಯ ನಿದ್ದೆಯಲ್ಲಿ ಮೆದುಳು ಈ ಪಾಠಗಳನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಹಾಗಾಗಿ ಒಂದೇ ದಿನ ನಾಲ್ಕು ತಾಸು ದುಡಿಯುವುದಕ್ಕಿಂತ ನಾಲ್ಕು ದಿನ ಒಂದೊಂದು ತಾಸು ಒಳ್ಳೆಯದು.

ಬೀಳುವಾಗ ಅಂಗೈಯನ್ನು ಚಾಚಿ ನೆಲಕ್ಕೆ ಊರುವುದು ನಮ್ಮೆಲ್ಲರ ಸಹಜ ಪ್ರವೃತ್ತಿ, ಮಣಿಕಟ್ಟಿನ ಮೂಳೆಗಳು ಮುರಿಯುವುದೂ ಅದರಿಂದಲೇ. ಮಣಿಕಟ್ಟಿನ ಪಟ್ಟಿ, ಮೊಣಕಾಲಿನ ಕವಚ, ಹೆಲ್ಮೆಟ್ ಇಲ್ಲದೆ ಅವಳನ್ನು ನಾನು ಹತ್ತಗೊಡುತ್ತಿರಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸೇರಿದಾಗ, ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ. ನಮ್ಮ ಹುಡುಗಿಗೆ ಈಗ 14. ಆ ಹೆಸರನ್ನು ಅವಳು ಹಲಗೆಯ ಹೊಟ್ಟೆಯ ಮೇಲೆ ಸ್ಕೆಚ್‌ಪೆನ್ನಿನಿಂದ ಬರೆದುಕೊಂಡಿದ್ದಳು, ಜಾರಿ ಜಾರಿ ಅದರ ನಡುವಿನ ಅಕ್ಷರಗಳು ಅಳಿಸಿಹೋಗಿದ್ದವು.

ರಜೆ ಮುಗಿಯುವ ವಾರ ಅವಳು ಪೈಪಿನ ಆರಂಭದ ಕಾಲಿನ ಕೆಳಗೆ ಒಂದು ಇಟ್ಟಿಗೆ ಇಟ್ಟಳು. ಇಳಿಜಾರಿನಲ್ಲಿ ವಾಲಬೇಕಾದ ಕೋನದಿಂದ ಇಳಿಜಾರಿನ ಕೋನವನ್ನು ಕಳೆಯಬೇಕು. 30 ಡಿಗ್ರಿ ಇಳಿಜಾರಿನ ಮೆಟ್ಟಿಲ ಕಂಬಿಯ ಮೇಲಾದರೆ ಉತ್ತರ ಋಣಾತ್ಮಕವಾಗುತ್ತದೆ, ಅಂದರೆ ಕೆಳಗಿನ ಮೆಟ್ಟಿಲುಗಳನ್ನು ನೋಡುತ್ತ ಮುಂದಕ್ಕೆ ವಾಲಬೇಕು. ಅದಕ್ಕೆ ಬೇಕಾದ ಧೈರ್ಯ ಇನ್ನೂ ದೂರದ ಮಾತು. ಹತ್ತು ಸೆಂಟಿಮೀಟರ್ ದಪ್ಪದ ಒಂದು ಇಟ್ಟಿಗೆಗೆ ಸಿಗುವುದು ಸುಮಾರು ಮೂರು ಡಿಗ್ರಿ. ಹನ್ನೊಂದರಲ್ಲಿ ಮೂರು ಹೋದರೆ ಎಂಟು ಎಂದು ಪೈಪಿನ ಪಕ್ಕ ರಸ್ತೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಮೇಣದಬತ್ತಿಯ ತುಂಡನ್ನು ಜೇಬಿಗೆ ಹಾಕಿಕೊಂಡು, ಉರುಳಿಕೊಂಡು ಬರಲು ರಸ್ತೆಯ ಆ ತುದಿಗೆ ಹೋದಳು.